ಮಳೆಗಾಲದಲ್ಲಿ ಸಿಕ್ಕಿಕೊಂಡ ಟೇಬಲ್

ಗೌರಿ ಹಬ್ಬದ ರಜೆಗೆ ನಾವು ಮೂವರು ಫ್ರೆಂಡ್ಸ್ ಹಂಪಾಪುರಕ್ಕೆ ಹೋಗಿದ್ವಿ. ಮೈಸೂರಿನಿಂದ ಎಚ್.ಡಿ. ಕೋಟೆಗೆ ಹೋಗೋ ದಾರಿಯಲ್ಲಿ ಸಿಗುವ ಊರು. ಅಲ್ಲಿ ನಮ್ಮಲ್ಲೊಬ್ಬನ ಅಜ್ಜಿ ಮನೆ. ಜಗುಲಿಯಲ್ಲಿ ಒಂದರೊಳಗೊಂದು ಕೂರುವ ಮೂರು ಹಳೇ ಟೇಬಲ್‌ಗಳಿವೆ. ನೆಂಟರು ಬಂದರೆ ಮೂರನ್ನೂ ಎಳೆದು ಹಾಕಬಹುದು, ಹೋದ ಮೇಲೆ ಒಂದರ ಜಾಗದಲ್ಲೇ ಇಡಬಹುದು. ಅಜ್ಜಿ ಇವನ್ನು "ಮಾಗನಿ ಮೇಜು" ಅಂತಾರೆ.

ಆವತ್ತು ಚಿಕ್ಕದು ಹೊರಬಂತು, ನಡುವಿನದು ಬರಲೇ ಇಲ್ಲ. ಆಚಾರ್ರನ್ನ ಕರೆಸಿ ಅಂಚಿಗೆ ಹತ್ತರಿ ಹೊಡೆಸೋಣ ಅಂತ ಮನೆಯವರೆಲ್ಲ ಹೇಳಿದರು. ಅಜ್ಜಿ ಮಾತ್ರ, "ನಮ್ಮ ಅಪ್ಪ ಮಾಡಿಸಿದ್ದು ಕಣ್ರಪ್ಪ, ಕೆತ್ತಬೇಡಿ" ಅಂದರು.

ಹಾಗಾದರೆ ಸಿಕ್ಕಿಕೊಂಡಿದ್ದು ಯಾಕೆ? ಮರ ಗಾಳಿಯ ತೇವ ಹೀರಿ ಹಿಗ್ಗುತ್ತೆ, ಒಣಗಿದಾಗ ಕುಗ್ಗುತ್ತೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಉದ್ದಕ್ಕೆ ಬದಲಾವಣೆ ತೀರಾ ಕಡಿಮೆ. ಹಸಿ ಮಹಾಗನಿ ಪೂರ್ತಿ ಒಣಗಿದರೆ ತಿರುಳಿನಿಂದ ತೊಗಟೆ ಕಡೆಗೆ ಸುಮಾರು 3%, ಉಂಗುರಗಳ ಗುಂಟ ಸುಮಾರು 4% ಕುಗ್ಗುತ್ತೆ. ಎರಡೂ ಹತ್ತಿರ ಹತ್ತಿರ ಇರೋದರಿಂದ ಹಲಗೆ ಅಷ್ಟಾಗಿ ಬಾಗಲ್ಲ. 18ನೇ ಶತಮಾನದಲ್ಲಿ ಕೆರಿಬಿಯನ್ ದ್ವೀಪಗಳಿಂದ ಮಹಾಗನಿ ತರಿಸಿಕೊಂಡ ಇಂಗ್ಲೆಂಡಿನ ಬಡಗಿಗಳು ಅದನ್ನು ಮೆಚ್ಚಿದ್ದಕ್ಕೆ ಇದೂ ಒಂದು ಕಾರಣ. ಸಣ್ಣ ಸಂದಿಯಲ್ಲಿ ಜಾರುವ ಇಂಥ ಟೇಬಲ್‌ಗೆ ಬಾಗದ ಮರವೇ ಬೇಕು.

ಆದರೆ ಇದು ಮಹಾಗನೀನಾ? ಚಿಕ್ಕ ಟೇಬಲ್‌ನ ನಾಲ್ಕು ಸ್ಕ್ರೂ ಬಿಚ್ಚಿ ಮೇಲಿನ ಹಲಗೆ ಅಳೆದ್ವಿ: 40 ಸೆಂ.ಮೀ. ಉದ್ದ, 30 ಅಗಲ, 2 ದಪ್ಪ. ಅಂದರೆ 2400 ಘನ ಸೆಂ.ಮೀ. ಪಕ್ಕದ ಅಂಗಡಿ ತಕ್ಕಡೀಲಿ ತೂಕ 2 ಕೆಜಿ 40 ಗ್ರಾಂ. ಸಾಂದ್ರತೆ 0.85! ಮಹಾಗನಿ ಸಾಮಾನ್ಯವಾಗಿ 0.5ರಿಂದ 0.65. ಆಚಾರ್ರು ಬಂದು ಹಲಗೆಯ ಅಡಿಭಾಗ ಸ್ವಲ್ಪ ಉಜ್ಜಿ ಮೂಸಿದರು. ನೇರಳೆ ಛಾಯೆಯ ಕಂದು, ಕಪ್ಪು ಗೆರೆ, ಸಿಹಿ ವಾಸನೆ. "ಇದು ಬೀಟೆ" ಅಂದರು.

ಬೀಟೆ ನಮ್ಮ ಪಶ್ಚಿಮ ಘಟ್ಟದ ಮರ. ಮೈಸೂರಿನ ಇನ್‌ಲೇ ಕೆಲಸಕ್ಕೆ ಹೆಸರು ತಂದಿದ್ದೂ ಇದೇ. ಗಟ್ಟಿ, ಬಾಳಿಕೆ ಜಾಸ್ತಿ. ಆದರೆ ಕುಗ್ಗುವಿಕೆ ಒಂದು ದಿಕ್ಕಿಗೆ ಸುಮಾರು 2.7%, ಇನ್ನೊಂದಕ್ಕೆ 5.8%. ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ! ಜೊತೆಗೆ ಹಲಗೆಯ ಮೇಲ್ಭಾಗಕ್ಕೆ ಮಾತ್ರ ಪಾಲಿಶ್ ಇತ್ತು, ಅಡಿಭಾಗ ಬರೀ ಮರ. ಮಳೆಗಾಲದಲ್ಲಿ ಅಡಿಭಾಗ ಬೇಗ ತೇವ ಹೀರಿ ಹಿಗ್ಗಿತು, ಹಲಗೆ ಬಟ್ಟಲಿನ ಹಾಗೆ ಬಾಗಿತು, ನೇರ ಗಾಡಿಯಲ್ಲಿ ಸಿಕ್ಕಿಕೊಂಡಿತು.

ಆವತ್ತು ಹತ್ತರಿ ಹೊಡೆದಿದ್ದರೆ ಬೇಸಿಗೆಯಲ್ಲಿ ಟೇಬಲ್ ಲೊಡಲೊಡ ಅಂತಿತ್ತು. ಕೆತ್ತಿದ ಬೀಟೆ ವಾಪಸ್ ಬರಲ್ಲ. ಕಾಡಲ್ಲೂ ದೊಡ್ಡ ಬೀಟೆ ಮರಗಳು ಈಗ ಅಪರೂಪ. ಹಾಗಾಗಿ ನಾವು ಕಾದ್ವಿ. ಸಂಕ್ರಾಂತಿ ಹೊತ್ತಿಗೆ ಅದು ತಾನಾಗೇ ಜಾರಿ ಹೊರಬಂತು. ಮೂರರ ಅಡಿಭಾಗಕ್ಕೂ ಪಾಲಿಶ್ ಹಚ್ಚಿ ಬಂದ್ವಿ.

ನಿಮ್ಮ ಮನೇಲೂ ಬಾಗಿಲು, ಡ್ರಾಯರ್ ಮಳೆಗಾಲದಲ್ಲಿ ಬಿಗಿಯಾದರೆ ಕೆತ್ತಿಸೋ ಮುಂಚೆ ಒಂದು ಬೇಸಿಗೆ ನೋಡಿ. ಅಂದಹಾಗೆ, ಸಾಂದ್ರತೆ ಲೆಕ್ಕ ಎಲ್ಲ ಕೇಳಿದ ಮೇಲೂ ಅಜ್ಜಿಗೆ ಅದು ಮಾಗನಿ ಮೇಜೇ.