ಮೂರನೆಯವನ ಪಾಲು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವವನೇ ರನ್ನಿಂಗ್ ಬ್ಯಾಕ್. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಇತಿಹಾಸದಲ್ಲಿ ಇಂಥ ಓಟಗಾರರ ಶ್ರೇಷ್ಠ ಬಳಗ ಯಾವುದು? ಈ ಆಟದ ಹುಚ್ಚು ಹತ್ತಿದವರ ನಡುವೆ ಮುಗಿಯದ ವಾದವಿದು.

ನನ್ನ ಗೆಳೆಯನ ಮತ 1976ರ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ಗೆ. ಆ ವರ್ಷ ಫ್ರಾಂಕೊ ಹ್ಯಾರಿಸ್ 1,128 ಯಾರ್ಡ್ ಓಡಿದರು. ವಿಯೆಟ್ನಾಂ ಯುದ್ಧದಲ್ಲಿ ಕಾಲಿಗೆ ಪೆಟ್ಟು ತಿಂದು ಬಂದಿದ್ದ ರಾಕಿ ಬ್ಲೈಯರ್ 1,036 ಯಾರ್ಡ್ ಓಡಿದರು. ಆದರೆ ಗಾಯದಿಂದ ಇಬ್ಬರೂ ಹೊರಗುಳಿದ ಪ್ಲೇಆಫ್ ಪಂದ್ಯದಲ್ಲಿ ತಂಡ ಓಕ್ಲೆಂಡ್ ರೈಡರ್ಸ್‌ಗೆ 24–7ರಿಂದ ಸೋತಿತು.

ನನ್ನ ಮತ 1972ರ ಮಯಾಮಿ ಡಾಲ್ಫಿನ್ಸ್‌ಗೆ. ಗುದ್ದಿಕೊಂಡೇ ಮುನ್ನುಗ್ಗುವ ಲ್ಯಾರಿ ಜಾಂಕಾ 1,117 ಯಾರ್ಡ್, ಮಿಂಚಿನ ವೇಗದ ಮರ್ಕ್ಯುರಿ ಮಾರಿಸ್ ಸರಿಯಾಗಿ 1,000. ಒಂದೇ ತಂಡದ ಇಬ್ಬರು ಒಂದೇ ವರ್ಷ ಸಾವಿರ ಮುಟ್ಟಿದ್ದು ಅದೇ ಮೊದಲು.

ಆದರೂ ನನ್ನ ವಾದಕ್ಕೆ ಬಲ ಕೊಡುವುದು ಮೂರನೆಯವರಾದ ಜಿಮ್ ಕಿಕ್. ಮಾರಿಸ್ ಬೆಳೆದಂತೆ ಕಿಕ್ ಪಾಲಿನ ಚೆಂಡು ಕಡಿಮೆಯಾಯಿತು. ಆ ವರ್ಷ ಓಡಿದ್ದು 521 ಯಾರ್ಡ್ ಮಾತ್ರ. ಆದರೆ ಪ್ಲೇಆಫ್‌ನ ಮೂರು ಪಂದ್ಯಗಳಲ್ಲಿ, ಸೂಪರ್ ಬೌಲ್ ಸೇರಿ, ಅವರು ನಾಲ್ಕು ಟಚ್‌ಡೌನ್ ಗಳಿಸಿದರು. ಮಯಾಮಿ ಆಡಿದ 17 ಪಂದ್ಯಗಳನ್ನೂ ಗೆದ್ದಿತು. ಸೂಪರ್ ಬೌಲ್‌ವರೆಗೆ ಒಂದೂ ಸೋಲದೆ ಗೆದ್ದ ತಂಡ ಇನ್ನೊಂದಿಲ್ಲ.

ಕ್ಯಾಂಪಸ್ ಸಂದರ್ಶನಕ್ಕೆ ಹೊರಟ ನಾವೆಲ್ಲ ರೆಸ್ಯೂಮೆಯಲ್ಲಿ ‘ಟೀಮ್‌ವರ್ಕ್’ ಎಂದು ಸಲೀಸಾಗಿ ಬರೆಯುತ್ತೇವೆ. ತನ್ನ ಜಾಗ ಇನ್ನೊಬ್ಬನ ಪಾಲಾದ ಮೇಲೂ ಕರೆದಾಗ ಸಿದ್ಧನಿರುವುದು ಅದರ ಕಷ್ಟದ ಭಾಗ. ಇಬ್ಬರು ತಾರೆಯರು ಸೇರಿದರೆ ಜೋಡಿ. ಕಿಕ್‌ನಂಥವರು ಇದ್ದರಷ್ಟೇ ಅದು ಬಳಗ.