ಮುಚ್ಚಿದ ತೂಬು

ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಬಯಲಿಗೆ ನೀರುಣಿಸುತ್ತದೆ. ತೂಬನ್ನು ತೆರೆದರೆ ನೀರು ತಾನಾಗಿಯೇ ಗದ್ದೆಗೆ ನುಗ್ಗುತ್ತದೆ. ಮುಚ್ಚಿದರೆ ನಾಲೆ ಕಣ್ಣೆದುರಿಗಿದ್ದರೂ ನೀರು ಬಾರದು. ದೂರವಾಣಿಯ ಸಂದೇಶಗಳಲ್ಲಿ ಬರುವ ಅಂತರಜಾಲದ ಕೊಂಡಿಯೂ ಇಂತಹ ಒಂದು ತೂಬೇ ಆಗಿದೆ.

1989ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿಯು ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟರು. ಒಂದು ಬರಹದಲ್ಲಿರುವ ಕೊಂಡಿಯನ್ನು ಒತ್ತಿದೊಡನೆ ಮತ್ತೊಂದು ಬರಹ ತೆರೆದುಕೊಳ್ಳುವುದೇ ಅದರ ಜೀವಾಳ. ಈ ಸೌಕರ್ಯವನ್ನು ವಂಚಕರೂ ಬಳಸಿಕೊಂಡರು. ರೈತರ ಸಹಾಯಧನ, ಬ್ಯಾಂಕಿನ ಖಾತೆ, ವಿದ್ಯುತ್ ಬಿಲ್ಲು ಮೊದಲಾದವುಗಳ ಹೆಸರಿನಲ್ಲಿ ಅವರು ಸುಳ್ಳು ಕೊಂಡಿಗಳನ್ನು ಕಳುಹಿಸುತ್ತಾರೆ. ಅದನ್ನು ಒತ್ತಿದವರ ಗುಪ್ತ ಸಂಖ್ಯೆಯನ್ನು ಕೇಳುವ ಪುಟವಾಗಲಿ, ದೂರವಾಣಿಯೊಳಗೆ ಸೇರಿಕೊಳ್ಳುವ ಹಾನಿಕರ ತಂತ್ರಾಂಶವಾಗಲಿ ಅದರ ಹಿಂದೆ ಅಡಗಿರುತ್ತದೆ.

ಮದ್ದೂರಿನ ವ್ಯಾಪಾರಿಯೊಬ್ಬನಿಗೆ ಇಂತಹ ಸಂದೇಶ ಬಂದಿತೆಂದು ಭಾವಿಸಬಹುದು. ಅವನು ಮೋಸವನ್ನು ಅರಿತು, "ಇದನ್ನು ಯಾರೂ ಒತ್ತಬೇಡಿ" ಎಂದು ಬರೆದು, ಆ ಸಂದೇಶವನ್ನು ಇದ್ದ ಹಾಗೆಯೇ ಮಂಡ್ಯದ ಭಾವನಿಗೂ ಮಳವಳ್ಳಿಯ ಅಕ್ಕನಿಗೂ ಕಳುಹಿಸುತ್ತಾನೆ. ಉದ್ದೇಶವೇನೋ ಒಳ್ಳೆಯದೇ. ಆದರೆ ಅಕ್ಕನ ಮಗು ಆಟವಾಡುತ್ತ ಕೊಂಡಿಯ ಮೇಲೆ ಬೆರಳಿಟ್ಟರೆ ತೂಬು ತೆರೆದುಕೊಳ್ಳುತ್ತದೆ. ಹೀಗೆ ಎಚ್ಚರಿಕೆಯೇ ಅಪಾಯವನ್ನು ಹೊತ್ತು ತಂದಂತಾಗುತ್ತದೆ.

ಈ ತೊಡಕಿನ ನಿವಾರಣೆಗಾಗಿ ಗಣಕಯಂತ್ರಗಳ ಸುರಕ್ಷತೆಯನ್ನು ನೋಡಿಕೊಳ್ಳುವ ತಜ್ಞರು ಒಂದು ಪದ್ಧತಿಯನ್ನು ರೂಢಿಸಿಕೊಂಡಿದ್ದಾರೆ. ಅದಕ್ಕೆ 'ಡಿಫ್ಯಾಂಗಿಂಗ್' ಎಂದು ಹೆಸರು. ಹಾವಿನ ವಿಷದ ಹಲ್ಲನ್ನು ಕೀಳುವುದು ಎಂದು ಇದರ ಅರ್ಥ. ಜಾಲದ ವಿಳಾಸದ ಮೊದಲಲ್ಲಿ ಸಾಮಾನ್ಯವಾಗಿ 'ಎಚ್, ಟಿ, ಟಿ, ಪಿ' ಎಂಬ ಅಕ್ಷರಗಳಿರುತ್ತವೆ. ಇವುಗಳಲ್ಲಿ ಎರಡು 'ಟಿ'ಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಎರಡು 'ಎಕ್ಸ್'ಗಳನ್ನು ಬರೆಯುತ್ತಾರೆ. ಇಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ. ಚುಕ್ಕೆಯಿಂದ ಕೂಡಿದ ತಾಣದ ಹೆಸರನ್ನು ಕಂಡ ಮಾತ್ರಕ್ಕೆ ಅನೇಕ ತಂತ್ರಾಂಶಗಳು ಅದನ್ನು ಕೊಂಡಿಯಾಗಿ ಮಾರ್ಪಡಿಸುತ್ತವೆ. ಆದುದರಿಂದ ಚುಕ್ಕೆಯನ್ನು ಚೌಕ ಆವರಣದೊಳಗಿಟ್ಟು [.] ಎಂದು ಬರೆಯುತ್ತಾರೆ. ಉಳಿದ ಒಂದಕ್ಷರವನ್ನೂ ಬದಲಿಸುವುದಿಲ್ಲ. ಆಗ ಓದುವವನಿಗೆ ವಿಳಾಸವು ತಿಳಿಯುತ್ತದೆ. ಯಂತ್ರಕ್ಕೆ ಮಾತ್ರ ಅದು ಕೊಂಡಿಯೆಂದು ತೋರುವುದಿಲ್ಲ.

ವಿಳಾಸವನ್ನು ಅಳಿಸಿಬಿಟ್ಟರೆ ಸಾಲದೇ ಎಂಬ ಪ್ರಶ್ನೆ ಏಳಬಹುದು. ವಂಚನೆಯ ತಾಣವನ್ನು ಗುರುತಿಸಿ ತಡೆಯಬೇಕಾದವರಿಗೆ ಅದರ ನಿಖರವಾದ ವಿಳಾಸವು ಬೇಕೇ ಬೇಕು. ಎಲ್ಲರೂ ಒಂದೇ ಬಗೆಯ ಗುರುತುಗಳನ್ನು ಬಳಸಿದಾಗ, ತಜ್ಞರು ಅದನ್ನು ಮತ್ತೆ ಮೂಲರೂಪಕ್ಕೆ ತಂದು ಪರೀಕ್ಷಿಸಬಲ್ಲರು. 2004ರಲ್ಲಿ ಸ್ಥಾಪನೆಗೊಂಡ 'ಸರ್ಟ್-ಇನ್' ಎಂಬ ಭಾರತ ಸರ್ಕಾರದ ಸಂಸ್ಥೆಯ ಎಚ್ಚರಿಕೆಯ ಪ್ರಕಟಣೆಗಳಲ್ಲಿಯೂ ಈ ಬಗೆಯ ಬರವಣಿಗೆಯನ್ನು ಕಾಣಬಹುದು.

ಹಲ್ಲು ಕಿತ್ತ ಮಾತ್ರಕ್ಕೆ ಹಾವು ಸಾಯುವುದಿಲ್ಲ. ಅಕ್ಷರಗಳನ್ನು ಸರಿಪಡಿಸಿ ಟೈಪು ಮಾಡಿದವನು ಅದೇ ತಾಣವನ್ನು ತಲಪುತ್ತಾನೆ. ಆದ್ದರಿಂದ ಬಂಧುಬಳಗವನ್ನು ಎಚ್ಚರಿಸುವಾಗ ಮೋಸದ ರೀತಿಯನ್ನು ವಿವರಿಸಿದರೆ ಸಾಕು. ವಿಳಾಸವನ್ನು ತಿಳಿಸಲೇಬೇಕಾದಾಗ ಮಾತ್ರ, ಅದನ್ನು ಬೇಕೆಂದೇ ನಿಷ್ಕ್ರಿಯಗೊಳಿಸಿದೆಯೆಂದು ಬರೆದು ಕಳುಹಿಸಬೇಕು. ಹಣವನ್ನು ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರದೆ, ಕೂಡಲೆ 1930 ಎಂಬ ಸಂಖ್ಯೆಗೆ ಕರೆಮಾಡಿ ದೂರು ನೀಡಬೇಕು.

ಇತರರಿಗೆ ಎಚ್ಚರಿಕೆ ಹೇಳುವುದು ಪ್ರಜೆಯ ಕರ್ತವ್ಯ. ಆ ಎಚ್ಚರಿಕೆಯಿಂದಲೇ ಯಾರಿಗೂ ಕೇಡು ತಟ್ಟದಂತೆ ನೋಡಿಕೊಳ್ಳುವುದೂ ಅದೇ ಕರ್ತವ್ಯದ ಭಾಗವಾಗಿದೆ.