ಹಳೆ ಕಾರಿಗೆ ಪಿಕಪ್ ಇಲ್ಲವೇ? ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆಯೇ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

‘ಕಾರು ಎಳೆಯುತ್ತಿಲ್ಲವೇ? ಸೈಲೆನ್ಸರ್‌ನಿಂದ ನೀರು ತೊಟ್ಟಿಕ್ಕುತ್ತಿದೆಯೇ? ಕೊಳೆತ ಮೊಟ್ಟೆಯ ವಾಸನೆಯೇ? ಹಾಗಾದರೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಿದೆ. ಟ್ಯಾಂಕಿಗೆ ಥಿನ್ನರ್ ಸುರಿಯಿರಿ, ಕ್ಲೀನ್ ಆಗುತ್ತದೆ!’ ಹಳೆ ಕಾರು ಇಟ್ಟುಕೊಂಡವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈ ಧಾಟಿಯ ಸಂದೇಶಗಳು ಆಗಾಗ ಸುತ್ತುತ್ತಿರುತ್ತವೆ. ಇದರಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಸುಳ್ಳಿದೆ, ಕೊನೆಯ ಸಲಹೆಯಂತೂ ಅಪಾಯಕಾರಿ. ಕಾರಿಗೇ ಲಕ್ಷ ರೂಪಾಯಿ ಬೆಲೆ ಬರುವುದು ಕಷ್ಟ ಅನ್ನುವಾಗ, ಅನುಮಾನದ ಮೇಲೆ ಹತ್ತಾರು ಸಾವಿರ ಕೊಟ್ಟು ಕನ್ವರ್ಟರ್ ಬದಲಿಸುವ ಮೊದಲು ಏನೇನು ನೋಡಬಹುದು ಎಂಬುದನ್ನು ನಾವಿಲ್ಲಿ ವಿವರಿಸುತ್ತಿದ್ದೇವೆ. ಇದು ಪೆಟ್ರೋಲ್ ಕಾರುಗಳಿಗೆ ಮಾತ್ರ. ಡೀಸೆಲ್ ಕಾರಿನ ವ್ಯವಸ್ಥೆ ಬೇರೆ.

ಇದು ಮಾಡುವ ಕೆಲಸ ಏನು?

ಇಂಜಿನ್ ಮತ್ತು ಸೈಲೆನ್ಸರ್ ನಡುವೆ ಇರುವ ಸ್ಟೀಲ್ ಡಬ್ಬಿಯೇ ಕನ್ವರ್ಟರ್. ಅದರೊಳಗೆ ಜೇನುಗೂಡಿನಂತೆ ಸಾವಿರಾರು ಸಣ್ಣ ರಂಧ್ರಗಳಿರುವ ಪಿಂಗಾಣಿಯ ಇಟ್ಟಿಗೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುವಾದ ಲೇಪ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಮತ್ತು ಉರಿಯದೆ ಉಳಿದ ಪೆಟ್ರೋಲ್ ಇಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಬದಲಾಗುತ್ತವೆ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವವರೆಗೆ ಇದು ಸರಿಯಾಗಿ ಕೆಲಸ ಆರಂಭಿಸುವುದೇ ಇಲ್ಲ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ದೇಶದಲ್ಲಿ 1995ರ ಏಪ್ರಿಲ್‌ನಿಂದ ದಿಲ್ಲಿ, ಮುಂಬೈ, ಕೋಲ್ಕತಾ ಮತ್ತು ಚೆನ್ನೈಗಳಲ್ಲಿ ಮಾರಾಟವಾಗುವ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಸೀಸ ಬೆರೆತ ಪೆಟ್ರೋಲ್ ಕನ್ವರ್ಟರಿಗೆ ವಿಷವಿದ್ದಂತೆ. 2000ದ ಫೆಬ್ರವರಿಯಿಂದ ದೇಶದ ಎಲ್ಲ ಬಂಕ್‌ಗಳಲ್ಲೂ ಸೀಸರಹಿತ ಪೆಟ್ರೋಲ್ ಬಂತು.

ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ

ಫಾರ್ವರ್ಡ್‌ಗಳು ಹೇಳದೆ ಬಿಡುವ ಮುಖ್ಯ ವಿಷಯ ಇದು. ಕನ್ವರ್ಟರಿನೊಳಗೆ ತಿರುಗುವ, ಸವೆಯುವ ಭಾಗ ಯಾವುದೂ ಇಲ್ಲ. ಸಾಮಾನ್ಯವಾಗಿ ಅದನ್ನು ಇಂಜಿನ್ನಿನ ಬೇರೊಂದು ಕಾಯಿಲೆ ಕೊಂದಿರುತ್ತದೆ. ಪ್ಲಗ್ ಅಥವಾ ಕಾಯಿಲ್ ಕೆಟ್ಟು ಇಂಜಿನ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಶಾಖ ಮಿತಿಮೀರಿ ಜೇನುಗೂಡು ಕರಗಿ ಮುಚ್ಚಿಕೊಳ್ಳುತ್ತದೆ. ಇಂಜಿನ್ ಆಯಿಲ್ ಕುಡಿಯುತ್ತಿದ್ದರೆ ಅದರಲ್ಲಿನ ರಂಜಕ ಮತ್ತು ಸತು ಲೋಹದ ಲೇಪದ ಮೇಲೆ ಕೂರುತ್ತವೆ. ಇವನ್ನು ಸರಿಪಡಿಸದೆ ಹೊಸ ಕನ್ವರ್ಟರ್ ಹಾಕಿಸಿದರೆ ಅದಕ್ಕೂ ಅದೇ ಗತಿ.

ಹಾಗಾಗಿ ಮೊದಲು ನೋಡಬೇಕಾದ್ದು ಕಾರಿನ ಅಡಿಯನ್ನಲ್ಲ, ಬಾನೆಟ್ ಒಳಗೆ. ಪ್ಲಗ್‌ಗಳು ಹೇಗಿವೆ? ಏರ್ ಫಿಲ್ಟರ್ ಧೂಳು ಹಿಡಿದಿದೆಯೇ? ಎರಡು ಸರ್ವಿಸ್‌ಗಳ ನಡುವೆ ಆಯಿಲ್ ಎಷ್ಟು ಇಳಿಯುತ್ತಿದೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ.

ಪರೀಕ್ಷೆಗೆ ಮುನ್ನ ಒಂದು ಎಚ್ಚರಿಕೆ

ಇಂಜಿನ್ ಚಾಲೂ ಇಟ್ಟು ಮಾಡುವ ಯಾವ ಪರೀಕ್ಷೆಯನ್ನೂ ಶೆಡ್ಡಿನಲ್ಲಾಗಲಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಾಗಲಿ ಮಾಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕನ್ವರ್ಟರ್ ಕೆಟ್ಟಿದೆ ಎಂಬ ಅನುಮಾನವಿರುವ ಕಾರು ಅದನ್ನು ಹೆಚ್ಚಾಗಿಯೇ ಉಗುಳುತ್ತಿರಬಹುದು. ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿದ ತಕ್ಷಣ ಹೊರಗಿನ ಗಾಳಿಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತೂರುವುದೂ ಬೇಡ. ಓಡಿಸಿ ತಂದ ಕಾರಿನ ಕನ್ವರ್ಟರ್ ನೂರಾರು ಡಿಗ್ರಿ ಬಿಸಿಯಿರುತ್ತದೆ. ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿ ಹತ್ತುವುದೂ ಉಂಟು.

ಸದ್ದು ಕೇಳಿ

ಕಾರು ಪೂರ್ತಿ ತಣ್ಣಗಿರುವಾಗ ಕನ್ವರ್ಟರ್ ಡಬ್ಬಿಯನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗಿನ ಜೇನುಗೂಡು ಒಡೆದಿದ್ದರೆ ಗೋಲಿ ತುಂಬಿದ ಡಬ್ಬಿಯಂತೆ ಗಡಗಡ ಅನ್ನುತ್ತದೆ. ಆದರೆ ಹಳೆ ಕಾರುಗಳಲ್ಲಿ ಇದಕ್ಕಿಂತ ಸಾಮಾನ್ಯವಾದದ್ದು ಡಬ್ಬಿಯ ಮೇಲಿನ ಶಾಖ ತಡೆಯುವ ತಗಡು ತುಕ್ಕು ಹಿಡಿದು ಸಡಿಲವಾಗುವುದು. ತಗಡನ್ನು ಕೈಯಿಂದ ಒತ್ತಿ ಹಿಡಿದು ಮತ್ತೆ ತಟ್ಟಿ. ಸದ್ದು ನಿಂತರೆ ಒಂದು ಕ್ಲಿಪ್ ಬಿಗಿಸಿದರೆ ಸಾಕು.

ಕಟ್ಟಿಕೊಂಡಿದೆಯೇ?

ಹೊಗೆಯ ದಾರಿ ಮುಚ್ಚಿದ್ದರೆ ಕಾರಿನ ವರ್ತನೆ ಹೀಗಿರುತ್ತದೆ: ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಓಡುತ್ತದೆ, ಆದರೆ ಫ್ಲೈಓವರ್ ಅಥವಾ ಘಾಟಿ ಹತ್ತುವಾಗ ಹ್ಯಾಂಡ್‌ಬ್ರೇಕ್ ಹಾಕಿದಂತೆ ಒದ್ದಾಡುತ್ತದೆ. ಬಿಸಿಯಾದಷ್ಟೂ ಹದಗೆಡುತ್ತದೆ. ಆದರೆ ಫ್ಯೂಯೆಲ್ ಪಂಪ್ ಸೋತರೂ, ಫ್ಯೂಯೆಲ್ ಫಿಲ್ಟರ್ ಕಟ್ಟಿದರೂ ಹೆಚ್ಚುಕಡಿಮೆ ಇದೇ ಲಕ್ಷಣ. ಇವನ್ನು ಬೇರ್ಪಡಿಸಲು ವ್ಯಾಕ್ಯೂಮ್ ಗೇಜ್ ಎಂಬ ಅಗ್ಗದ ಉಪಕರಣ ಸಾಕು. ಮನೆಮಟ್ಟದ ಪರೀಕ್ಷೆಗಳಲ್ಲಿ ನಮಗೆ ಅತ್ಯಂತ ನಂಬಿಕೆ ಇರುವುದು ಇದರ ಮೇಲೆಯೇ.

ಇಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ ಬರುವ ಸಣ್ಣ ವ್ಯಾಕ್ಯೂಮ್ ಪೈಪ್ ಒಂದಕ್ಕೆ ಗೇಜ್ ಜೋಡಿಸಬೇಕು. ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಪೈಪನ್ನು ಮುಟ್ಟಬೇಡಿ. ಯಾವ ಪೈಪ್ ಯಾವುದೆಂದು ಗೊತ್ತಾಗದಿದ್ದರೆ ಮೆಕ್ಯಾನಿಕ್ ಹತ್ತಿರ ಮಾಡಿಸಿ, ಹತ್ತು ನಿಮಿಷದ ಕೆಲಸ. ಬಿಸಿಯಾದ ಇಂಜಿನ್ ಐಡಲ್‌ನಲ್ಲಿ ಓಡುವಾಗ ಸಮುದ್ರಮಟ್ಟದಲ್ಲಿ ಮುಳ್ಳು ಸಾಮಾನ್ಯವಾಗಿ 17ರಿಂದ 21 ಇಂಚು ತೋರಿಸುತ್ತದೆ. ಮಂಗಳೂರಿನಲ್ಲಿ ಈ ಲೆಕ್ಕ ಸರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ಸರಿಸುಮಾರು ಒಂದು ಇಂಚು ಕಡಿಮೆಯಾಗುವುದರಿಂದ ಅಲ್ಲಿ 14ರಿಂದ 18 ಬಂದರೂ ಸರಿಯೇ. ಅಮೆರಿಕದ ವಿಡಿಯೊ ನೋಡಿಕೊಂಡು ‘ನನ್ನ ಕಾರಿನಲ್ಲಿ 16 ಬಂತು, ಕೆಟ್ಟಿದೆ’ ಎಂದು ಗಾಬರಿಯಾಗಬೇಡಿ.

ಈಗ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಆಕ್ಸಿಲರೇಟರ್ ಒತ್ತಿ ಸುಮಾರು 2,500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿಯಲಿ. ಒತ್ತಿದ ಕ್ಷಣ ಮುಳ್ಳು ಬಿದ್ದು ಮತ್ತೆ ಮೇಲೆದ್ದು ಅಲ್ಲೇ ನಿಂತರೆ ದಾರಿ ತೆರೆದಿದೆ. ಮೇಲೆದ್ದ ಮುಳ್ಳು ನಿಧಾನವಾಗಿ ಇಳಿಯುತ್ತಾ ಹೋದರೆ ಹೊಗೆ ಹೊರಹೋಗಲಾಗದೆ ಹಿಂದಕ್ಕೆ ಒತ್ತುತ್ತಿದೆ ಎಂದರ್ಥ. ಕಟ್ಟಿಕೊಂಡಿರುವುದು ಕನ್ವರ್ಟರೋ ಅದರ ಹಿಂದಿನ ಸೈಲೆನ್ಸರೋ ಎಂಬುದನ್ನು ಮಾತ್ರ ಗೇಜ್ ಹೇಳುವುದಿಲ್ಲ. ಅದಕ್ಕೆ ಮೆಕ್ಯಾನಿಕ್ ಪೈಪ್ ಬಿಚ್ಚಿ ನೋಡಬೇಕು.

ಎಮಿಷನ್ ಟೆಸ್ಟ್ ಚೀಟಿ ಎಸೆಯಬೇಡಿ

ದಾರಿ ತೆರೆದಿದ್ದೂ ಲೇಪ ಸತ್ತಿರಬಹುದು. ಆಗ ಕಾರು ಚೆನ್ನಾಗಿಯೇ ಓಡುತ್ತದೆ, ಹೊಗೆ ಮಾತ್ರ ವಿಷ. ಇದನ್ನು ಮೂಗಿನಿಂದಾಗಲಿ ಕಿವಿಯಿಂದಾಗಲಿ ಪತ್ತೆಹಚ್ಚಲಾಗದು. ಆದರೆ ಪೊಲೀಸರಿಗೆ ತೋರಿಸಲೆಂದು ಡ್ಯಾಶ್‌ಬೋರ್ಡಿನಲ್ಲಿ ತುರುಕಿಟ್ಟ ಚೀಟಿಯಲ್ಲಿ ಸುಳಿವಿದೆ. ‘ಪಾಸ್’ ಎಂಬ ಪದವನ್ನಲ್ಲ, ಅಂಕಿಗಳನ್ನು ನೋಡಿ. ಬಿಎಸ್-2, ಬಿಎಸ್-3 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 0.5, ಹೈಡ್ರೋಕಾರ್ಬನ್ ಮಿತಿ 750 ಪಿಪಿಎಂ. ಬಿಎಸ್-4 ಕಾರಿಗೆ ಶೇ 0.3 ಮತ್ತು 200. ಪ್ರತಿ ಸಲ ಸಿಕ್ಕ ಮೂರ್ನಾಲ್ಕು ಚೀಟಿ ಜೋಡಿಸಿಟ್ಟು ನೋಡಿದರೆ ಅಂಕಿ ಏರುತ್ತಿರುವುದು ಕಾಣುತ್ತದೆ. ಟೆಸ್ಟಿಗೆ ಹೋಗುವ ಮೊದಲು ಹದಿನೈದು ಇಪ್ಪತ್ತು ನಿಮಿಷ ಓಡಿಸಿ. ಕನ್ವರ್ಟರ್ ಬಿಸಿಯಾಗದಿದ್ದರೆ ಒಳ್ಳೆಯ ಕಾರೂ ಕೆಟ್ಟ ಅಂಕಿ ಕೊಡುತ್ತದೆ. ಪೈಪಿನೊಳಗೆ ಪ್ರೋಬ್ ಸರಿಯಾಗಿ ಹಾಕಿದರೇ ಎಂದು ನಿಂತು ನೋಡಿ. ಹಾಕದೆ ಕೊಟ್ಟ ಚೀಟಿ ಇದಕ್ಕೆ ಪ್ರಯೋಜನವಿಲ್ಲ.

ಸ್ಕ್ಯಾನರ್ ಖರೀದಿಸಿ ಎನ್ನುವ ಸಂದೇಶಗಳೂ ಇವೆ. ಭಾರತದಲ್ಲಿ ಓಬಿಡಿ-2 ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಅನೇಕ ಕಾರುಗಳಲ್ಲಿ ಕನ್ವರ್ಟರಿನ ಮೇಲೆ ಕಣ್ಣಿಡುವ ಎರಡನೇ ಆಕ್ಸಿಜನ್ ಸೆನ್ಸರ್ ಇರುವುದಿಲ್ಲ. ‘ಯಾವ ದೋಷವೂ ಇಲ್ಲ’ ಎಂದು ಸ್ಕ್ಯಾನರ್ ತೋರಿಸಿದರೆ ಅಲ್ಲಿ ನೋಡುವವರೇ ಇಲ್ಲ ಎಂದೂ ಅರ್ಥವಾಗಬಹುದು.

ಇನ್ನು ಉಳಿದ ಫಾರ್ವರ್ಡ್‌ಗಳು

ಸೈಲೆನ್ಸರ್‌ನಿಂದ ನೀರು ಬರುವುದು ದೋಷವಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ, ತಣ್ಣನೆಯ ಪೈಪಿನಲ್ಲಿ ಅದು ಹನಿಯಾಗುತ್ತದೆ. ಕೂಲಂಟ್ ಕಡಿಮೆಯಾಗುತ್ತಾ ಬಿಳಿ ಹೊಗೆ ಬಿಡದೆ ಬಂದರೆ ಮಾತ್ರ ಚಿಂತಿಸಿ.

ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. 2020ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಸಿಗುತ್ತಿರುವ ಬಿಎಸ್-6 ಪೆಟ್ರೋಲಿನಲ್ಲಿ ಗಂಧಕ 10 ಪಿಪಿಎಂ ಮಾತ್ರ, ಬಿಎಸ್-3ರಲ್ಲಿ 150 ಇತ್ತು. ಆದ್ದರಿಂದ ಈಗ ಈ ವಾಸನೆ ಬಂದರೆ ಬ್ಯಾಟರಿಯನ್ನೂ ನೋಡಿ. ಅತಿಯಾಗಿ ಚಾರ್ಜ್ ಆಗುವ ಬ್ಯಾಟರಿಯೂ ಇದೇ ವಾಸನೆ ಬಿಡುತ್ತದೆ.

ಕನ್ವರ್ಟರಿನ ಹಿಂದಿನ ತುದಿ ಮುಂದಿನದಕ್ಕಿಂತ ಬಿಸಿಯಿದ್ದರೆ ಒಳ್ಳೆಯದು ಎಂಬ ಥರ್ಮಾಮೀಟರ್ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ. ಇಂಜಿನ್ ಆರೋಗ್ಯವಾಗಿದ್ದರೆ ಕನ್ವರ್ಟರಿಗೆ ಉರಿಸಲು ಹೆಚ್ಚೇನೂ ಇರುವುದಿಲ್ಲ, ವ್ಯತ್ಯಾಸವೂ ಕಾಣುವುದಿಲ್ಲ.

ಥಿನ್ನರ್? ಟ್ಯಾಂಕಿಗೆ ಹಾಕಿದ ಥಿನ್ನರ್ ಇಂಜಿನ್ನಿನಲ್ಲೇ ಉರಿದುಹೋಗುತ್ತದೆ, ಕನ್ವರ್ಟರಿಗೆ ತಲುಪುವುದು ಅದರ ಹೊಗೆ. ಕರಗಿದ ಪಿಂಗಾಣಿಯನ್ನು ಯಾವ ಹೊಗೆಯೂ ಬಿಡಿಸದು. ದಾರಿಯಲ್ಲಿ ಸಿಗುವ ರಬ್ಬರ್ ಸೀಲ್, ಪಂಪ್ ಮಾತ್ರ ಹಾಳಾಗಬಹುದು.

‘ಒಳಗಿನದನ್ನು ಒಡೆದು ಖಾಲಿ ಮಾಡಿಸಿ, ಮೈಲೇಜ್ ಬರುತ್ತದೆ’ ಎನ್ನುವವರೂ ಇದ್ದಾರೆ. ಕಟ್ಟಿಕೊಂಡದ್ದನ್ನು ತೆಗೆದರೆ ಕಾರು ಹಗುರವಾಗಿ ಓಡುವುದು ನಿಜ, ಆದರೆ ಹೊಸ ಕನ್ವರ್ಟರ್ ಹಾಕಿದರೂ ಹಾಗೆಯೇ ಓಡುತ್ತದೆ. ಖಾಲಿ ಡಬ್ಬಿಯ ಕಾರು ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಅನ್ವಯ 10,000 ರೂಪಾಯಿವರೆಗೆ ದಂಡ ಬೀಳಬಹುದು.

ಬದಲಿಸಲೇಬೇಕಾದರೆ ಹಳೆಯದನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ, ಒಳಗಿನ ಲೋಹಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ. ಅದಕ್ಕೂ ಮುಂಚೆ ಟಾರ್ಚ್ ಹಿಡಿದು ಅದರ ಬಾಯೊಳಗೆ ನೋಡಿ. ಜೇನುಗೂಡು ಕರಗಿ ಮುದ್ದೆಯಾಗಿದ್ದರೆ ಪ್ಲಗ್ ಮತ್ತು ಕಾಯಿಲ್, ರಂಧ್ರಗಳ ಮೇಲೆ ಬೂದಿ ಮೆತ್ತಿಕೊಂಡಿದ್ದರೆ ಆಯಿಲ್. ಹೊಸದನ್ನು ಕೂರಿಸುವ ಮುನ್ನ ಮೆಕ್ಯಾನಿಕ್‌ಗೆ ಅದನ್ನು ತೋರಿಸಿ, ಆ ರಿಪೇರಿ ಮೊದಲು ಮಾಡಿಸಿ.